ಪೆಡೋಮೀಟರ್ ಧರಿಸುವ ಕ್ರಮ ಮತ್ತು ಹೆಜ್ಜೆಯ ಸರಿಲೆಕ್ಕ

ಪೆಡೋಮೀಟರಿಗೆ ಪಾದ ಕಾಣುವುದಿಲ್ಲ, ದಾರಿಯೂ ಕಾಣುವುದಿಲ್ಲ. ನಡೆಯುವಾಗ ಪ್ರತಿ ಹೆಜ್ಜೆಗೂ ಸೊಂಟ ನಾಲ್ಕೈದು ಸೆಂಟಿಮೀಟರಿನಷ್ಟು ಏರಿ ಇಳಿಯುತ್ತದೆ. ಕಾಲು ನೆಲಕ್ಕೆ ಊರಿದ ಕ್ಷಣ ಮೈಯಲ್ಲಿ ಒಂದು ಸಣ್ಣ ಕುಲುಕಾಟ ಹಾಯುತ್ತದೆ. ಉಪಕರಣ ಎಣಿಸುವುದು ಈ ಕುಲುಕಾಟವನ್ನು. ಆದ್ದರಿಂದ ಅದರ ಲೆಕ್ಕ ಸರಿಯಾಗಬೇಕಾದರೆ ಕುಲುಕಾಟ ಅದಕ್ಕೆ ಸರಿಯಾಗಿ ಮುಟ್ಟಬೇಕು. ಎಲ್ಲಿ ಸಿಕ್ಕಿಸಿದೆ, ಎಷ್ಟು ಬಿಗಿಯಾಗಿದೆ, ಎಷ್ಟು ನೆಟ್ಟಗಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಒಂದೇ ಉಪಕರಣ ಒಬ್ಬರ ಸೊಂಟದಲ್ಲಿ ನೂರಕ್ಕೆ ನೂರು ಎಣಿಸಿ, ಇನ್ನೊಬ್ಬರ ಸೊಂಟದಲ್ಲಿ ನೂರಕ್ಕೆ ಎಪ್ಪತ್ತನ್ನು ಮಾತ್ರ ತೋರಿಸಬಹುದು. ಹಾಗಾದಾಗ ಉಪಕರಣ ಕೆಟ್ಟಿದೆ ಎಂದು ತಿಳಿಯುವವರೇ ಹೆಚ್ಚು. ಮೊದಲು ನೋಡಬೇಕಾದದ್ದು ಅದನ್ನು ಸಿಕ್ಕಿಸಿದ ಜಾಗವನ್ನು.

ಹಳೆಯ ಬಗೆಯ ಪೆಡೋಮೀಟರಿನ ಒಳಗೆ ತೆಳು ಸ್ಪ್ರಿಂಗಿಗೆ ತೂಗಿದ ಒಂದು ಚಿಕ್ಕ ಕಡ್ಡಿ ಇರುತ್ತದೆ. ಸೊಂಟ ಕೆಳಗಿಳಿದು ಮೇಲೇಳುವಾಗ ಕಡ್ಡಿಯೂ ಒಮ್ಮೆ ಇಳಿದು ಏರುತ್ತದೆ. ಅದರ ತುದಿ ಒಂದು ವಿದ್ಯುತ್ ಸಂಪರ್ಕವನ್ನು ತಾಗಿದರೆ ಲೆಕ್ಕಕ್ಕೆ ಒಂದು ಸೇರುತ್ತದೆ. ಸಂಶೋಧನೆಗಳಲ್ಲಿ ಬಹುಕಾಲ ಬಳಕೆಯಾದ ಜಪಾನಿನ ಯಾಮ್ಯಾಕ್ಸ್ ಕಂಪನಿಯ ಮಾದರಿಗಳಲ್ಲಿ ಈ ಕಡ್ಡಿ ಅಲುಗಲು ಗುರುತ್ವದ ಸುಮಾರು 0.35 ಪಾಲಿನಷ್ಟು ಲಂಬ ವೇಗೋತ್ಕರ್ಷ ಬೇಕು. ಅದಕ್ಕಿಂತ ಮೆಲ್ಲಗಿನ ಹೆಜ್ಜೆ ಲೆಕ್ಕಕ್ಕೆ ಸಿಗುವುದಿಲ್ಲ. ಕಡ್ಡಿ ಮೇಲೆ ಕೆಳಗೆ ಮಾತ್ರ ಆಡುವಂತೆ ಕೂರಿಸಿರುವುದರಿಂದ ಉಪಕರಣ ಮುಂದಕ್ಕೋ ಪಕ್ಕಕ್ಕೋ ವಾಲಿದರೆ ಅದು ಗೋಡೆಗೆ ಉಜ್ಜುತ್ತದೆ, ಎಣಿಕೆ ತಪ್ಪುತ್ತದೆ. ಅನಂತರ ಬಂದದ್ದು ಪೀಜೋ ಹರಳಿನ ಬಗೆ. ಇದರಲ್ಲಿ ಬಾಗುವ ಪಟ್ಟಿಯೊಂದು ಅಲುಗಾಟವನ್ನು ವಿದ್ಯುತ್ತಿನ ಅಲೆಯಾಗಿ ಬದಲಿಸುತ್ತದೆ, ಒಳಗಿನ ಎಲೆಕ್ಟ್ರಾನಿಕ್ ಚಿಪ್ ಆ ಅಲೆಯ ಏರಿಳಿತಗಳನ್ನು ಎಣಿಸುತ್ತದೆ. ಈಗಿನ ಮೊಬೈಲು, ಕೈಪಟ್ಟಿ, ಸ್ಮಾರ್ಟ್ ವಾಚುಗಳಲ್ಲಿ ಇರುವುದು ಮೂರೂ ದಿಕ್ಕಿನ ಅಲುಗಾಟ ಹಿಡಿಯುವ ಸೂಕ್ಷ್ಮ ಸಂವೇದಕ. ವಾಲಿದರೂ ಇವು ಬೇಗ ತಪ್ಪುವುದಿಲ್ಲ. ಆದರೆ ಇವುಗಳಿಗೆ ಇನ್ನೊಂದು ಗುಣವಿದೆ: ಹಲವು ಹೆಜ್ಜೆಗಳು ಒಂದೇ ಲಯದಲ್ಲಿ ಬಂದರೆ ಮಾತ್ರ ಅದನ್ನು ನಡಿಗೆ ಎಂದು ಒಪ್ಪುತ್ತವೆ. ನಾಲ್ಕೈದು ಸೆಕೆಂಡು ನಡೆದು ನಿಂತರೆ ಆ ಹೆಜ್ಜೆಗಳನ್ನು ಎಷ್ಟೋ ಮಾದರಿಗಳು ಬಿಟ್ಟೇಬಿಡುತ್ತವೆ. ಈ ಗುಣ ಅಡಿಕೆ ತೋಟದ ನಾಡಿನಲ್ಲಿ ಎಷ್ಟು ದೊಡ್ಡ ವಿಷಯ ಎಂಬುದು ಮುಂದೆ ಗೊತ್ತಾಗುತ್ತದೆ.

ಸೊಂಟಕ್ಕೆ ಸಿಕ್ಕಿಸುವ ಪೆಡೋಮೀಟರಿಗೆ ಸರಿಯಾದ ಜಾಗ ತೊಡೆಯ ನಡುಗೆರೆಯ ನೇರಕ್ಕೆ, ಸೊಂಟದ ಪಟ್ಟಿಯ ಮೇಲೆ. ಮೊಣಕಾಲ ಚಿಪ್ಪಿನಿಂದ ನೇರ ಮೇಲಕ್ಕೆ ಒಂದು ಗೆರೆ ಎಳೆದರೆ ಅದು ಸೊಂಟವನ್ನು ಮುಟ್ಟುವ ಕಡೆಯೇ ಆ ಜಾಗ. ಹೊಕ್ಕುಳ ಹತ್ತಿರ ಇಟ್ಟರೆ ಹೊಟ್ಟೆಯ ಮೃದು ಭಾಗ ಕುಲುಕಾಟವನ್ನು ಹೀರಿಕೊಳ್ಳುತ್ತದೆ. ತೀರಾ ಪಕ್ಕೆಗೆ ಸರಿಸಿದರೆ ಆ ಬದಿಯ ಕಾಲಿನ ಅಲುಗಾಟ ಜೋರಾಗಿ, ಇನ್ನೊಂದು ಬದಿಯದು ಸಪ್ಪೆಯಾಗಿ ಮುಟ್ಟುತ್ತದೆ. ಉಪಕರಣ ನೆಲಕ್ಕೆ ಲಂಬವಾಗಿ, ಮೈಗೆ ಅಂಟಿಕೊಂಡಂತೆ ಇರಬೇಕು. ಬೆರಳಿನಿಂದ ತಳ್ಳಿದರೆ ಅಲುಗುವಂತಿದ್ದರೆ ಅದು ತನ್ನ ಓಲಾಟವನ್ನೂ ಹೆಜ್ಜೆಯೆಂದು ಎಣಿಸುತ್ತದೆ.

ಹೊಟ್ಟೆ ಬಂದವರಲ್ಲಿ ತೊಂದರೆ ಹೆಚ್ಚು. ಸೊಂಟದ ಪಟ್ಟಿ ಹೊಟ್ಟೆಯ ಕೆಳಗೆ ಜಾರಿ, ಉಪಕರಣದ ಮೇಲ್ತುದಿ ಮುಂದಕ್ಕೆ ಬಾಗುತ್ತದೆ. ಅಮೆರಿಕದ ಸ್ಕಾಟ್ ಕ್ರೌಟರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ ತೂಕ ಹೆಚ್ಚಿದವರಲ್ಲಿ ಸ್ಪ್ರಿಂಗಿನ ಮತ್ತು ಪೀಜೋ ಬಗೆಯ ಉಪಕರಣಗಳನ್ನು ಹೋಲಿಸಿತು. ಸೊಂಟದ ಸುತ್ತಳತೆಯೂ ಉಪಕರಣದ ವಾಲಿಕೆಯೂ ಹೆಚ್ಚಿದಷ್ಟು ಸ್ಪ್ರಿಂಗಿನ ಬಗೆಯದು ಹಿಂದೆ ಬಿತ್ತು. ಪೀಜೋ ಬಗೆಯದು ನಿಂತುಕೊಂಡಿತು. ಸಕ್ಕರೆ ಕಾಯಿಲೆಗೆ ನಡಿಗೆ ಹೇಳಿಸಿಕೊಂಡವರಲ್ಲಿ ಹಲವರು ಇದೇ ಮೈಕಟ್ಟಿನವರು. ಹೆಜ್ಜೆಯ ಲೆಕ್ಕ ಯಾರಿಗೆ ಹೆಚ್ಚು ಬೇಕೋ ಅವರಲ್ಲೇ ಅಗ್ಗದ ಉಪಕರಣ ಹೆಚ್ಚು ತಪ್ಪುತ್ತದೆ. ಅಂಥವರು ಸ್ಪ್ರಿಂಗಿನದನ್ನು ಕೊಳ್ಳದಿರುವುದೇ ಲೇಸು. ಇದ್ದದ್ದನ್ನೇ ಬಳಸಬೇಕಾದರೆ ತೊಡೆಯ ನಡುಗೆರೆಯಿಂದ ಸ್ವಲ್ಪ ಪಕ್ಕೆಗೆ, ಪಟ್ಟಿ ನೆಟ್ಟಗೆ ನಿಲ್ಲುವ ಕಡೆಗೆ ಸರಿಸಿ ಪರೀಕ್ಷಿಸಿ ನೋಡಬೇಕು.

ಉಪಕರಣದೊಂದಿಗೆ ಬರುವ ಸೂಚನಾ ಚೀಟಿಗಳು ಹೆಚ್ಚಾಗಿ ಪ್ಯಾಂಟು ಮತ್ತು ಬೆಲ್ಟನ್ನು ಮನಸ್ಸಿನಲ್ಲಿಟ್ಟು ಬರೆದವು. ಬೆಳ್ತಂಗಡಿ ತಾಲೂಕಿನ ಮುಂಡಾಜೆಯಂಥ ಊರಿನಲ್ಲಿ ದಿನದ ಹೆಚ್ಚಿನ ಹೆಜ್ಜೆಗಳು ಬೀಳುವುದು ಲುಂಗಿ, ಮುಂಡು, ಸೀರೆ, ನೈಟಿಗಳಲ್ಲಿ. ಇವುಗಳಿಗೆ ಆ ಚೀಟಿಗಳಲ್ಲಿ ಸಾಮಾನ್ಯವಾಗಿ ಸೂಚನೆ ಇಲ್ಲದಿರುವುದರಿಂದ ಈ ಭಾಗವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗುತ್ತದೆ.

ಲುಂಗಿಯ ಸೊಂಟದ ಮಡಿಕೆಗೆ ಸಿಕ್ಕಿಸಿದ ಕ್ಲಿಪ್ಪು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ತೋಟಕ್ಕಿಳಿಯುವಾಗ ಲುಂಗಿಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟುತ್ತಾರೆ, ಯಾರಾದರೂ ಎದುರಾದರೆ ಇಳಿಸುತ್ತಾರೆ, ಮತ್ತೆ ಕಟ್ಟುತ್ತಾರೆ. ಪ್ರತಿ ಸಲವೂ ಮಡಿಕೆ ಬಿಚ್ಚಿ ಹೊಸದಾಗಿ ಕೂರುತ್ತದೆ. ಉಪಕರಣ ಒಮ್ಮೆ ವಾಲುತ್ತದೆ, ಒಮ್ಮೆ ಬಟ್ಟೆಯ ಒಳಗೆ ಅಡ್ಡ ಮಲಗುತ್ತದೆ, ಕೊನೆಗೆ ಕಣಿಯ ನೀರಿಗೆ ಬೀಳುತ್ತದೆ. ಸೊಂಟದ ಉಡಿದಾರ ಹೇಗೂ ಇದೆಯಲ್ಲ ಎಂದು ಅದಕ್ಕೇ ನೇತು ಹಾಕಿದರೆ ಇನ್ನೂ ಕೆಡುತ್ತದೆ. ದಾರ ಸಡಿಲ, ಉಪಕರಣ ಗಂಟೆಯ ನಾಲಗೆಯಂತೆ ಎರಡೂ ಕಡೆ ತೂಗಿ ಒಂದು ಹೆಜ್ಜೆಗೆ ಎರಡು ಎಣಿಸಬಹುದು. ನೆಟ್ಟಗೆ ನಿಲ್ಲುವ ಜಾಗ ಒಳಗಿನ ಚಡ್ಡಿಯ ಇಲಾಸ್ಟಿಕ್ ಪಟ್ಟಿ. ಅದು ಮೈಗೆ ಅಂಟಿಕೊಂಡಿರುತ್ತದೆ, ಲುಂಗಿ ಎಷ್ಟು ಸಲ ಬಿಚ್ಚಿ ಕಟ್ಟಿದರೂ ಅದು ಕದಲುವುದಿಲ್ಲ. ಉಡಿದಾರಕ್ಕೆ ಬೇರೆ ಕೆಲಸ ಕೊಡಬಹುದು: ಉಪಕರಣದ ಜೊತೆ ಬರುವ ಕಾಪಿನ ಹಗ್ಗದ ಒಂದು ತುದಿಯನ್ನು ಅದಕ್ಕೆ ಗಂಟು ಹಾಕಿದರೆ ಕ್ಲಿಪ್ಪು ಜಾರಿದರೂ ಉಪಕರಣ ಕಳೆದುಹೋಗುವುದಿಲ್ಲ. ಲುಂಗಿಯ ಮೇಲೆ ಅಗಲದ ಬೆಲ್ಟು ಕಟ್ಟುವವರಿಗೆ ಬೆಲ್ಟೇ ಸಾಕು. ಆದರೆ ಕತ್ತಿ ಸಿಕ್ಕಿಸುವ ಬದಿಗೆ ಉಪಕರಣ ಬೇಡ. ಕತ್ತಿಯ ತೂಕ ಆ ಬದಿಯನ್ನು ಕೆಳಗೆ ಜಗ್ಗುತ್ತದೆ, ಹಿಡಿ ಉಪಕರಣಕ್ಕೆ ಬಡಿಯುತ್ತದೆ, ಬಡಿದದ್ದೆಲ್ಲ ಹೆಜ್ಜೆಯಾಗುತ್ತದೆ.

ಸೀರೆಯಲ್ಲಿ ಉಪಕರಣ ನಿಲ್ಲಿಸಲು ಇರುವ ಆಧಾರ ಲಂಗದ ಲಾಡಿ. ಲಾಡಿ ತೆಳು, ಕ್ಲಿಪ್ಪು ಅದರ ಮೇಲೆ ತಿರುಗುತ್ತದೆ. ಲಂಗದ ನೇಪೆಯ ಬಟ್ಟೆಯನ್ನೂ ಸೇರಿಸಿ ಕ್ಲಿಪ್ಪಿಗೆ ಕೊಟ್ಟರೆ ಹಿಡಿತ ಬರುತ್ತದೆ. ನೆರಿಗೆ ಸಿಕ್ಕಿಸುವ ಜಾಗದಲ್ಲಿ ಬಟ್ಟೆಯ ದಪ್ಪ ಮಡಿಕೆಗಳು ಉಪಕರಣವನ್ನು ಹೊರಕ್ಕೆ ತಳ್ಳುತ್ತವೆ. ಕೆಲಸಕ್ಕೆ ನಿಂತಾಗ ಸೆರಗನ್ನು ಸುತ್ತಿ ಸಿಕ್ಕಿಸುವ ಬದಿಯಲ್ಲಿಟ್ಟರೆ ಸೆರಗು ಎಳೆದಾಗಲೆಲ್ಲ ಅದು ವಾಲುತ್ತದೆ. ಇವೆರಡನ್ನೂ ಬಿಟ್ಟು ಉಳಿದ ಕಡೆ ತೊಡೆಯ ನೇರವನ್ನು ಹುಡುಕಿಕೊಳ್ಳಬೇಕು. ನೈಟಿಗೆ ಸೊಂಟವೇ ಇಲ್ಲ. ಅದರ ಕಿಸೆಯಲ್ಲಿ ಹಾಕಿದ ಪೆಡೋಮೀಟರೋ ಮೊಬೈಲೋ ತೊಡೆಗೆ ಬಡಿಯುತ್ತ ಓಲಾಡುತ್ತದೆ. ಆ ಲೆಕ್ಕವನ್ನು ನಂಬುವಂತಿಲ್ಲ. ಎರಡು ಬೆರಳಗಲದ ಇಲಾಸ್ಟಿಕ್ ಪಟ್ಟಿಯನ್ನು ಸೊಂಟದ ಅಳತೆಗೆ ಹೊಲಿಸಿ ಬಟ್ಟೆಯ ಒಳಗೆ ಧರಿಸುವುದೇ ಸೀರೆ, ನೈಟಿ, ಚೂಡಿದಾರಗಳಿಗೆಲ್ಲ ಒಪ್ಪುವ ಪರಿಹಾರ. ಇದಕ್ಕೆ ಹೆಚ್ಚು ಖರ್ಚಿಲ್ಲ, ಊರಿನ ಟೈಲರ್ ಹೊಲಿದು ಕೊಡಬಲ್ಲ ವಸ್ತು. ಹೆಂಗಸರ ದಿನವಿಡೀ ನಡೆಯುವ ಕೆಲಸ ಲೆಕ್ಕಕ್ಕೆ ಬಾರದೆ ಹೋಗಲು ಅವರ ಉಡುಪಿಗೆ ಹೊಂದುವ ಇಷ್ಟು ಸಣ್ಣ ವ್ಯವಸ್ಥೆಯನ್ನು ತಯಾರಕರು ಯೋಚಿಸದಿರುವುದು ಕಾರಣವಾಗಬಾರದು.

ಉಪಕರಣ ಸರಿಯಾಗಿ ಕೂತ ಮೇಲೂ ಕೆಲವು ನಡಿಗೆಗಳು ಅದರ ಹಿಡಿತಕ್ಕೆ ಸಿಗುವುದಿಲ್ಲ. ಗಂಟೆಗೆ 5 ಕಿಲೋಮೀಟರಿನ ಆಸುಪಾಸಿನ ಬಿರುಸು ನಡಿಗೆಯಲ್ಲಿ ಒಳ್ಳೆಯ ಉಪಕರಣಗಳೆಲ್ಲ ಹೆಚ್ಚುಕಡಿಮೆ ಸರಿಯಾಗಿ ಎಣಿಸುತ್ತವೆ. ವೇಗ ಗಂಟೆಗೆ 3 ಕಿಲೋಮೀಟರಿಗೆ ಇಳಿದರೆ ಸ್ಪ್ರಿಂಗಿನ ಬಗೆಯದು ಬಹಳಷ್ಟು ಹೆಜ್ಜೆಗಳನ್ನು ಕೈಬಿಡುತ್ತದೆ. ಕಾಲೆಳೆದು ನಡೆಯುವ ವೃದ್ಧರು, ಮೊಣಕಾಲು ನೋವಿನವರು, ಕೋಲೂರಿ ನಡೆಯುವವರು ಈ ಮಿತಿಯ ಕೆಳಗೇ ಇರುತ್ತಾರೆ. ಅವರಿಗೆ ಪಾದದ ಗಂಟಿನ ಮೇಲೆ ಕಟ್ಟುವ ಉಪಕರಣ ಸೊಂಟದ್ದಕ್ಕಿಂತ ನಿಖರ. ಅಲ್ಲಿ ಮೆಲ್ಲನೆಯ ಹೆಜ್ಜೆಯ ಅಲುಗಾಟವೂ ಜೋರಾಗಿಯೇ ಇರುತ್ತದೆ.

ಅಡಿಕೆ ಹೆಕ್ಕುವ ಕೆಲಸವನ್ನೇ ನೋಡಬಹುದು. ಬುಟ್ಟಿ ಹಿಡಿದವರು ಎರಡು ಹೆಜ್ಜೆ ಇಡುತ್ತಾರೆ, ಬಾಗುತ್ತಾರೆ, ಹಾಳೆಯ ಅಡಿಗೆ ಕೈ ಹಾಕಿ ಹಣ್ಣಡಿಕೆ ಹೆಕ್ಕುತ್ತಾರೆ, ಕುಕ್ಕರಗಾಲಲ್ಲೇ ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾರೆ, ಎದ್ದು ಸಂಕ ದಾಟಿ ಇನ್ನೊಂದು ಸಾಲಿಗೆ ಹೋಗುತ್ತಾರೆ. ಲಯ ಹುಡುಕುವ ಆಧುನಿಕ ಉಪಕರಣಕ್ಕೆ ಇದರಲ್ಲಿ ನಡಿಗೆಯೇ ಕಾಣುವುದಿಲ್ಲ. ಸಾಲಿನಿಂದ ಸಾಲಿಗೆ ಹೋದದ್ದನ್ನು ಎಣಿಸಿ ಉಳಿದದ್ದನ್ನು ಬಿಡುತ್ತದೆ. ಸ್ಪ್ರಿಂಗಿನ ಉಪಕರಣ ಬಾಗಿದ್ದನ್ನೂ ಎದ್ದದ್ದನ್ನೂ ಹೆಜ್ಜೆಯೆಂದು ತಿಳಿದು ಕೂಡಿಸಬಹುದು, ಬಾಗಿದ ಭಂಗಿಯಲ್ಲಿ ವಾಲಿ ನಿಜವಾದ ಹೆಜ್ಜೆಯನ್ನು ಕಳೆಯಲೂಬಹುದು. ಹಟ್ಟಿಯ ಕೆಲಸ, ಸೊಪ್ಪಿನ ಹೊರೆ ಹೊತ್ತು ಗುಡ್ಡೆಯಿಂದ ಇಳಿಯುವುದು, ಗದ್ದೆಯ ಕೆಸರಿನಲ್ಲಿ ಕಾಲು ಕಿತ್ತಿಡುವುದು, ಎಲ್ಲದರಲ್ಲೂ ಹೀಗೆಯೇ. ಸಂಜೆ ಪರದೆಯಲ್ಲಿ ಮೂರು ಸಾವಿರ ಕಂಡ ಮಾತ್ರಕ್ಕೆ ತೋಟದಲ್ಲಿ ದುಡಿದವರು ಕಡಿಮೆ ನಡೆದರು ಎಂದು ತೀರ್ಮಾನಿಸುವುದು ತಪ್ಪು. ಪೆಡೋಮೀಟರ್ ಅಳೆಯುವುದು ನಡಿಗೆಯನ್ನು. ದುಡಿಮೆಯನ್ನು ಅಳೆಯುವ ಶಕ್ತಿ ಅದಕ್ಕಿಲ್ಲ. ಹೆಜ್ಜೆಯ ಲೆಕ್ಕ ಕೇಳುವ ವೈದ್ಯರು ಕೆಲಸ ಏನೆಂಬುದನ್ನೂ, ಉಪಕರಣ ಎಲ್ಲಿ ಕಟ್ಟಿದ್ದೆಂಬುದನ್ನೂ ಜೊತೆಗೇ ಕೇಳಬೇಕು.

ಈಗ ಹೆಚ್ಚಿನವರ ಪೆಡೋಮೀಟರ್ ಕೈಯ ವಾಚು ಅಥವಾ ಕಿಸೆಯ ಮೊಬೈಲು. ವಾಚನ್ನು ಹೆಚ್ಚು ಬಳಸದ ಕೈಗೆ, ಮಣಿಕಟ್ಟಿನ ಎಲುಬಿನಿಂದ ಒಂದು ಬೆರಳಿನಷ್ಟು ಮೇಲೆ, ಜಾರದ ಹಾಗೆ ಕಟ್ಟಬೇಕು. ಬಲಗೈಯವರು ಎಡಗೈಗೆ ಕಟ್ಟಿ, ಆ್ಯಪಿನಲ್ಲಿ ಯಾವ ಕೈ ಎಂದು ಕೇಳುವ ಕಡೆ ಅದನ್ನೇ ಗುರುತಿಸಬೇಕು. ಕೈಯ ಲೆಕ್ಕ ಎರಡೂ ದಿಕ್ಕಿಗೆ ತಪ್ಪುತ್ತದೆ. ಕಾಯಿ ತುರಿಯುವಾಗ, ಬಟ್ಟೆ ಒಗೆಯುವಾಗ, ಭಜನೆಗೆ ತಾಳ ಹಾಕುವಾಗ ಲಯಬದ್ಧವಾಗಿ ಆಡುವ ಕೈ ಕೂತಲ್ಲೇ ಹೆಜ್ಜೆ ಕೂಡಿಸಬಹುದು. ನಡೆಯುತ್ತಿರುವಾಗ ಕೈ ಆಡದಿದ್ದರೆ ಹೆಜ್ಜೆ ಕಳೆಯುತ್ತದೆ: ತಲೆಹೊರೆಯನ್ನು ಎತ್ತಿ ಹಿಡಿದ ಕೈ, ಗಾಡಿ ತಳ್ಳುವ ಕೈ, ಮಗುವನ್ನು ಎತ್ತಿಕೊಂಡ ಕೈ, ಕೊಡೆ ಹಿಡಿದ ಕೈ. ವರ್ಷಕ್ಕೆ 4,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಬೆಳ್ತಂಗಡಿ ತಾಲೂಕಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡೆ ಹಿಡಿದ ಕೈಯ ಲೆಕ್ಕ ಸಣ್ಣ ವಿಷಯವಲ್ಲ. ವಾಚಿಲ್ಲದ ಕೈಯಲ್ಲಿ ಕೊಡೆ ಹಿಡಿದು, ವಾಚಿನ ಕೈಯನ್ನು ಆಡಲು ಬಿಡಬೇಕು. ಮೊಬೈಲಿನ ತಪ್ಪು ಬೇರೆ ಬಗೆಯದು. ಜೊತೆಗಿದ್ದಾಗ ಅದು ಚೆನ್ನಾಗಿಯೇ ಎಣಿಸುತ್ತದೆ. ಪ್ಯಾಂಟಿನ ಮುಂದಿನ ಕಿಸೆ ಅದಕ್ಕೆ ಒಳ್ಳೆಯ ಜಾಗ. ಆದರೆ ಮಳೆಗೂ ಕೆಸರಿಗೂ ಹೆದರಿ ಮನೆಯ ಕಿಟಕಿಯ ಮೇಲೆ ಇಟ್ಟುಹೋದ ಮೊಬೈಲು ತೋಟದ ಒಂದು ಹೆಜ್ಜೆಯನ್ನೂ ಕಾಣುವುದಿಲ್ಲ.

ವಾಹನದ ಕುಲುಕಾಟ ಇನ್ನೊಂದು ಕಂಟಕ. ಮಣ್ಣಿನ ರಸ್ತೆಯ ಜೀಪು, ಬೈಕು, ರಿಕ್ಷಾಗಳಲ್ಲಿ ಸ್ಪ್ರಿಂಗಿನ ಪೆಡೋಮೀಟರ್ ಸುಳ್ಳು ಹೆಜ್ಜೆಗಳನ್ನು ಧಾರಾಳವಾಗಿ ಸೇರಿಸುತ್ತದೆ. ಆಧುನಿಕ ಸಂವೇದಕಗಳು ಇದನ್ನು ಬಹಳಮಟ್ಟಿಗೆ ಸೋಸುತ್ತವೆ, ಪೂರ್ತಿಯಾಗಿ ಅಲ್ಲ. ದೂರದ ಪ್ರಯಾಣದಲ್ಲಿ ಸ್ಪ್ರಿಂಗಿನ ಉಪಕರಣವನ್ನು ಕಳಚಿ ಚೀಲದಲ್ಲಿ ಅಡ್ಡ ಮಲಗಿಸಿಡುವುದು, ಇಳಿದ ಕೂಡಲೇ ಮತ್ತೆ ಸಿಕ್ಕಿಸುವುದು ಒಳ್ಳೆಯ ರೂಢಿ.

ಉಪಕರಣವೂ ಜಾಗವೂ ಸರಿಯಾಗಿವೆಯೇ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಉಪಕರಣವನ್ನು ಸೊನ್ನೆಗೆ ತಂದು, ಸಹಜ ವೇಗದಲ್ಲಿ ಬಾಯಲ್ಲಿ ಎಣಿಸುತ್ತ 20 ಹೆಜ್ಜೆ ನಡೆದು, ನಿಂತು ನೋಡಬೇಕು. 19, 20, 21 ಇವುಗಳಲ್ಲಿ ಯಾವುದು ಬಂದರೂ ಒಪ್ಪಬಹುದು. ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಜಾಗವನ್ನು ಬೆರಳಗಲದಷ್ಟು ಸರಿಸಿ ಮತ್ತೆ ನಡೆಯಬೇಕು. ತಡವಾಗಿ ಎಣಿಕೆ ಶುರು ಮಾಡುವ ಉಪಕರಣಗಳಿಗೆ 20 ಸಾಲದು. 100 ಹೆಜ್ಜೆ ನಡೆಯಬೇಕು. ಜಪಾನಿನ ಕೈಗಾರಿಕಾ ಮಾನಕ ಪೆಡೋಮೀಟರಿಗೆ ಬಿಡುವ ತಪ್ಪು ನೂರಕ್ಕೆ ಮೂರು. ಪರೀಕ್ಷೆಯನ್ನು ಅಂಗಳದಲ್ಲಿ ಬರಿಗಾಲಲ್ಲಿ ಮಾಡಿ ದಿನವಿಡೀ ಗಂಬೂಟಿನಲ್ಲಿ ನಡೆದರೆ ಪ್ರಯೋಜನವಿಲ್ಲ. ದಿನಾ ತೊಡುವ ಬಟ್ಟೆ, ದಿನಾ ಮೆಟ್ಟುವ ಚಪ್ಪಲಿ, ದಿನಾ ನಡೆಯುವ ವೇಗ, ಈ ಮೂರರಲ್ಲೇ ಪರೀಕ್ಷೆ ನಡೆಯಬೇಕು. ಒಮ್ಮೆ ಸರಿಯಾದ ಜಾಗ ಸಿಕ್ಕಿದರೆ ಅದನ್ನು ಬದಲಿಸಬಾರದು. ಇಂದು ಎಡಕ್ಕೆ, ನಾಳೆ ಬಲಕ್ಕೆ, ನಾಡಿದ್ದು ಕಿಸೆಗೆ ಎಂದಾದರೆ ದಿನದಿಂದ ದಿನಕ್ಕೆ ಹೋಲಿಸುವ ಆಧಾರವೇ ತಪ್ಪಿಹೋಗುತ್ತದೆ.

ಹೆಜ್ಜೆಯನ್ನು ದೂರವಾಗಿ ಬದಲಿಸುವಾಗ ಇನ್ನೊಂದು ತಪ್ಪು ನುಸುಳುತ್ತದೆ. ಉಪಕರಣ ದೂರವನ್ನು ಅಳೆಯುವುದಿಲ್ಲ. ಹೆಜ್ಜೆಯ ಸಂಖ್ಯೆಯನ್ನು ಹೆಜ್ಜೆಯ ಉದ್ದದಿಂದ ಗುಣಿಸುತ್ತದೆ. ಉದ್ದವನ್ನು ಕೊಡದಿದ್ದರೆ ಎತ್ತರದಿಂದ ಅಂದಾಜು ಮಾಡುತ್ತದೆ. ಮುಂಡಾಜೆಯ ನಡುವೆ ಹಾಯುವ ಉಜಿರೆ-ಚಾರ್ಮಾಡಿ ರಾಷ್ಟ್ರೀಯ ಹೆದ್ದಾರಿಯಂಥ ರಸ್ತೆಯಲ್ಲಿ ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿನವರೆಗೆ ರಸ್ತೆಯಂಚಿನಲ್ಲಿ ನಡೆದು ಎಣಿಸಿದರೆ ಸರಿಯಾದ ಉದ್ದ ಸಿಗುತ್ತದೆ. 1,540 ಹೆಜ್ಜೆ ಬಂದರೆ 1,000 ಮೀಟರನ್ನು ಅದರಿಂದ ಭಾಗಿಸಿ ಸುಮಾರು 65 ಸೆಂಟಿಮೀಟರ್. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ಸರ್ವೆ ಇಲಾಖೆ ಟಿಬೆಟಿಗೆ ಗುಟ್ಟಾಗಿ ಕಳಿಸಿದ, ಪಂಡಿತರೆಂದು ಕರೆಯಲಾದ ನೈನ್ ಸಿಂಗ್ ಮೊದಲಾದ ಅಳತೆಗಾರರ ಕೆಲಸ ನಿಂತಿದ್ದು ಇದೇ ತತ್ತ್ವದ ಮೇಲೆ. ಏರಲ್ಲೂ ಇಳಿತದಲ್ಲೂ ಒಂದೇ ಅಳತೆಯ ಹೆಜ್ಜೆ ಇಡಲು ಅವರನ್ನು ಪಳಗಿಸಲಾಗಿತ್ತು; 108 ಮಣಿಗಳ ಬದಲು 100 ಮಣಿಗಳ ಜಪಮಾಲೆ ಹಿಡಿದು ನೂರು ಹೆಜ್ಜೆಗೆ ಒಂದು ಮಣಿ ಸರಿಸುತ್ತ ಅವರು ದಾರಿಯ ಉದ್ದ ಬರೆದಿಟ್ಟರು. ಹಾಗೆ ಪಳಗದ ಸಾಮಾನ್ಯರ ಹೆಜ್ಜೆ ಏರಿನಲ್ಲಿ ಗಿಡ್ಡವಾಗುತ್ತದೆ, ಕಡಿದಾದ ಇಳಿತದಲ್ಲೂ ಗಿಡ್ಡವಾಗುತ್ತದೆ. ಟಿಪ್ಪು ಸುಲ್ತಾನ 1794ರಲ್ಲಿ ಕಟ್ಟಿಸಿದ ಜಮಲಾಬಾದ್ ಕೋಟೆ ಇರುವ ಗಡಾಯಿಕಲ್ಲನ್ನು ಏರುವಾಗ ಬಂಡೆಯಲ್ಲಿ ಕೊರೆದ ಒಂದೊಂದು ಮೆಟ್ಟಿಲಿಗೆ ಮೈ ಮುಂದೆ ಹೋಗುವುದು ಅಡಿಯಷ್ಟೇ. ಉಪಕರಣ ಮಾತ್ರ ಪ್ರತಿ ಮೆಟ್ಟಿಲಿಗೂ 65 ಸೆಂಟಿಮೀಟರ್ ಬರೆದುಕೊಂಡು ದೂರವನ್ನು ಇಮ್ಮಡಿ ತೋರಿಸುತ್ತದೆ. ಅಲ್ಲಿ ನಂಬಬೇಕಾದದ್ದು ಹೆಜ್ಜೆಯ ಸಂಖ್ಯೆಯನ್ನು, ಕಿಲೋಮೀಟರನ್ನಲ್ಲ.

ಶಿವರಾತ್ರಿಯ ಹೊತ್ತಿಗೆ ಧರ್ಮಸ್ಥಳಕ್ಕೆ ನಡೆದು ಬರುವ ಸಾವಿರಾರು ಪಾದಯಾತ್ರಿಗಳಲ್ಲಿ ಒಂದು ಪಾಲು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು, ಮುಂಡಾಜೆ, ಉಜಿರೆಗಳ ಮೂಲಕ ಸಾಗುತ್ತದೆ. ಬೆಂಗಳೂರಿನಿಂದ ಹೊರಟವರಿಗೆ ಇದು ಸುಮಾರು 300 ಕಿಲೋಮೀಟರ್, 65 ಸೆಂಟಿಮೀಟರಿನ ಲೆಕ್ಕದಲ್ಲಿ 4 ಲಕ್ಷ 60 ಸಾವಿರದಷ್ಟು ಹೆಜ್ಜೆ. ನೂರಕ್ಕೆ ಐದರ ತಪ್ಪು ಇಷ್ಟು ಉದ್ದದ ನಡಿಗೆಯಲ್ಲಿ 23,000 ಹೆಜ್ಜೆಯಾಗುತ್ತದೆ, ಅಂದರೆ 15 ಕಿಲೋಮೀಟರ್. ಯಾತ್ರಿಗಳ ಬೆನ್ನಿಗೆ ಚೀಲವಿರುತ್ತದೆ, ಅದರ ಸೊಂಟದ ಪಟ್ಟಿ ಪೆಡೋಮೀಟರನ್ನು ಒತ್ತಿ ವಾಲಿಸುತ್ತದೆ. ಕೈಯಲ್ಲಿ ಕೋಲಿರುತ್ತದೆ, ಕೋಲಿನ ಕೈ ಎರಡು ಹೆಜ್ಜೆಗೋ ನಾಲ್ಕು ಹೆಜ್ಜೆಗೋ ಒಮ್ಮೆ ಆಡುತ್ತದೆ. ದಿನಗಳು ಕಳೆದಂತೆ ಕಾಲಲ್ಲಿ ಬೊಕ್ಕೆ ಎದ್ದು ನಡಿಗೆ ಕುಂಟುತ್ತದೆ. ವಾಚನ್ನು ಕೋಲಿಲ್ಲದ ಕೈಗೆ, ಸೊಂಟದ ಉಪಕರಣವನ್ನು ಚೀಲದ ಪಟ್ಟಿಯ ಕೆಳಗೆ ಒಳಪಟ್ಟಿಗೆ ಕಟ್ಟುವುದು ಮತ್ತು ಪ್ರತಿ ಬೆಳಿಗ್ಗೆ ಹೊರಡುವ ಮೊದಲು 100 ಹೆಜ್ಜೆಯ ಪರೀಕ್ಷೆ ಮಾಡುವುದು ಅಂಥವರಿಗೆ ಕ್ಷೇಮ.

ದಿನಕ್ಕೆ ಹತ್ತು ಸಾವಿರ ಎಂಬ ಸಂಖ್ಯೆ ಬಂದದ್ದು ಜಪಾನಿನಿಂದ. ಟೋಕಿಯೋ ಒಲಿಂಪಿಕ್ಸಿನ ಮರುವರ್ಷ, 1965ರಲ್ಲಿ, ಯಾಮಾಸಾ ಕಂಪನಿ ಮಾರುಕಟ್ಟೆಗೆ ತಂದ ಪೆಡೋಮೀಟರಿನ ಹೆಸರಲ್ಲೇ ಅದು ಸೇರಿತ್ತು. ನೆನಪಿಗೆ ಸುಲಭವಾದ ಆ ಸಂಖ್ಯೆ ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿತು. ಐ-ಮಿನ್ ಲೀ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಾಸರಿ 72 ವರ್ಷದ 16,741 ಮಹಿಳೆಯರು ಏಳು ದಿನ ಸೊಂಟಕ್ಕೆ ಉಪಕರಣ ಕಟ್ಟಿಕೊಂಡು ನಡೆದರು. ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲಿ 2,700 ನಡೆದವರಿಗಿಂತ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು. 7,500ರ ಆಚೆ ಹೆಚ್ಚಿನ ಲಾಭ ಕಾಣಲಿಲ್ಲ. 2,700ಕ್ಕೂ 4,400ಕ್ಕೂ ನಡುವಿನ ಅಂತರ 1,700 ಹೆಜ್ಜೆ. ವಾಲಿದ ಉಪಕರಣವೊಂದು ಒಂದು ದಿನದಲ್ಲಿ ಇಷ್ಟನ್ನು ನುಂಗಿಬಿಡಬಲ್ಲದು. ಲೆಕ್ಕದ ನಿಖರತೆಗೆ ಇಷ್ಟು ಒತ್ತು ಕೊಡಬೇಕಾದದ್ದು ಈ ಕಾರಣಕ್ಕೆ. ಹೆಜ್ಜೆಯ ಬಿರುಸನ್ನು ತಿಳಿಯಬೇಕಾದವರು ಒಂದು ನಿಮಿಷ ಎಣಿಸಿದರೆ ಸಾಕು. ನಿಮಿಷಕ್ಕೆ 100 ಹೆಜ್ಜೆ ಬಂದರೆ ಅದನ್ನು ವಯಸ್ಕರಿಗೆ ಮಧ್ಯಮ ಶ್ರಮದ ನಡಿಗೆ ಎಂದು ತಿಳಿಯುವುದು ರೂಢಿ.

ಗುರಿ ಇಟ್ಟುಕೊಳ್ಳುವ ಮೊದಲು ಒಂದು ವಾರ ಏನನ್ನೂ ಬದಲಿಸದೆ ಎಣಿಸಬೇಕು. ಬೆಳಿಗ್ಗೆ ಎದ್ದ ಕೂಡಲೇ ಕಟ್ಟಿ, ಸ್ನಾನಕ್ಕೆ ಮಾತ್ರ ಬಿಚ್ಚಿ, ರಾತ್ರಿ ಮಲಗುವಾಗ ತೆಗೆದು, ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆಯಬಹುದು. ಅದರ ಪಕ್ಕದಲ್ಲಿ ಮಳೆ, ಜ್ವರ, ಅಡಿಕೆ ಹೆಕ್ಕಿದ್ದು, ಪೇಟೆಗೆ ಹೋದದ್ದು ಇಂಥ ಒಂದು ಪದ ಇದ್ದರೆ ಆಮೇಲೆ ಓದುವಾಗ ಸಂಖ್ಯೆಗೆ ಅರ್ಥ ಬರುತ್ತದೆ. ಆ ವಾರದ ಸರಾಸರಿಗೆ ಐನೂರೋ ಸಾವಿರವೋ ಸೇರಿಸಿ ಗುರಿ ಇಡುವುದು ಹತ್ತು ಸಾವಿರಕ್ಕೆ ನೆಗೆಯುವುದಕ್ಕಿಂತ ಹೆಚ್ಚು ದಿನ ಬಾಳುತ್ತದೆ. ಜುಲೈ ತಿಂಗಳ ಲೆಕ್ಕವನ್ನು ಜನವರಿಯದರೊಂದಿಗೆ ಹೋಲಿಸಿ ಕುಗ್ಗುವ ಅಗತ್ಯವಿಲ್ಲ. ಜುಲೈಯನ್ನು ಹಿಂದಿನ ಜುಲೈಯೊಂದಿಗೆ ಹೋಲಿಸಬೇಕು.

ಉಪಕರಣದ ಆರೈಕೆ ಕಷ್ಟದ್ದಲ್ಲ. ಗುಂಡಿ ಬ್ಯಾಟರಿ ಕ್ಷೀಣಿಸಿದಾಗ ಪರದೆಯ ಅಂಕಿ ಮಸುಕಾಗುತ್ತದೆ, ಆಗಲೇ ಬದಲಿಸಬೇಕು. ಬೆವರು ಕ್ಲಿಪ್ಪಿನ ಲೋಹವನ್ನು ತಿನ್ನುವುದರಿಂದ ರಾತ್ರಿ ಒಣಬಟ್ಟೆಯಲ್ಲಿ ಒರೆಸಿಡಬೇಕು. ನೀರು ತಾಳದ ಮಾದರಿಯನ್ನು ಮಳೆಗಾಲದಲ್ಲಿ ಪುಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ ಸಿಕ್ಕಿಸಬಹುದು. ಕವರು ಸಡಿಲವಿದ್ದರೆ ಉಪಕರಣ ಒಳಗೇ ಆಡಿ ಲೆಕ್ಕ ಕೆಡುತ್ತದೆ. ಸುತ್ತಿದ ಮೇಲೆ 20 ಹೆಜ್ಜೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ನಡುರಾತ್ರಿಗೆ ತಾನಾಗಿ ಸೊನ್ನೆಗೆ ಬರುವ ಮಾದರಿಗಳಲ್ಲಿ ಗಡಿಯಾರದ ಹೊತ್ತನ್ನು ಸರಿಯಾಗಿ ಹೊಂದಿಸಬೇಕು, ಇಲ್ಲವಾದರೆ ಒಂದು ದಿನದ ಹೆಜ್ಜೆ ಎರಡು ದಿನಗಳಿಗೆ ಹಂಚಿಹೋಗುತ್ತದೆ. ಬ್ಯಾಟರಿ ಬದಲಿಸಿದಾಗ ಕೆಲವು ಮಾದರಿಗಳಲ್ಲಿ ಹೆಜ್ಜೆಯ ಉದ್ದ, ತೂಕ, ಗಂಟೆ ಎಲ್ಲವೂ ಅಳಿಯುವುದರಿಂದ ಅವನ್ನು ಮತ್ತೆ ತುಂಬಿಸಿಯೇ ಬಳಕೆಗೆ ತೊಡಗಬೇಕು.